ಮರದ ಗೆರೆಯ ನಕಲು: ಕಲಿಯುವವರಿಗೆ ಒಂದಿಷ್ಟು ಟಿಪ್ಪಣಿ

ವಾರ್ಡ್‌ರೋಬಿನ ಮೈಕಾ, ಹಲಗೆಯಂತೆ ಕಾಣುವ ಟೈಲ್ಸ್, ಪಾರ್ಕಿನಲ್ಲಿ ಕೊಂಬೆ ಆಕಾರದ ಸಿಮೆಂಟ್ ಕಟಾಂಜನ, ಗಿಫ್ಟ್ ಪೇಪರ್, ಮೊಬೈಲ್ ಕವರ್. ಮರದ ಗೆರೆ ಇಲ್ಲದ ಜಾಗವೇ ಈಗ ಕಡಿಮೆ. ಅದರಲ್ಲಿ ಹೆಚ್ಚಿನವು ನೋಡಿದ ಕೂಡಲೇ ನಕಲು ಅಂತ ಗೊತ್ತಾಗುತ್ತವೆ. ಬಣ್ಣ ಸರಿ ಇದ್ದರೂ ಗೊತ್ತಾಗುತ್ತದೆ. ಕಾರಣ ಹುಡುಕಲು ಪೇಂಟ್ ಅಂಗಡಿಗೆ ಹೋಗಬೇಡಿ, ಸಾ ಮಿಲ್ಲಿಗೆ ಹೋಗಿ. ಹಲಗೆಯ ಮೇಲಿನ ಗೆರೆ ಅಂದರೆ ದಿಮ್ಮಿಯನ್ನು ಯಾವ ಕಡೆಯಿಂದ ಕೊಯ್ದರು ಅನ್ನುವುದರ ಗುರುತು. ಅದು ತಿಳಿಯದೆ ಬ್ರಷ್ ಹಿಡಿದರೆ ಸುಮ್ನೆ ಕಂದು ಗೀರುಗಳು ಬರುತ್ತವೆ ಅಷ್ಟೇ.

ಮೊದಲು ಮರ

ಮರ ತೊಗಟೆಯ ಒಳಗೆ ಪದರ ಪದರವಾಗಿ ದಪ್ಪ ಆಗುತ್ತದೆ. ಕಾಂಡ ಬುಡದಲ್ಲಿ ದಪ್ಪ, ಮೇಲೆ ಹೋದ ಹಾಗೆ ಸಪೂರ. ಹಾಗಾಗಿ ಈ ಪದರಗಳು ನೆಟ್ಟನೆ ಕೊಳವೆಗಳಲ್ಲ. ಶೇಂಗಾ ಕಟ್ಟಿಕೊಡುವ ಕಾಗದದ ಪೊಟ್ಟಣಗಳನ್ನು ಬೋರಲು ಹಾಕಿ ಒಂದರ ಮೇಲೊಂದು ಹೊದಿಸಿದ ಹಾಗೆ ಇರುತ್ತವೆ. ಈಗ ಇದನ್ನು ಉದ್ದಕ್ಕೆ ಕೊಯ್ಯಿರಿ. ನಡುವಿನ ತಿರುಳಿನ ಮೂಲಕವೇ ಗರಗಸ ಹಾಯ್ದರೆ ಗೆರೆಗಳು ನೆಟ್ಟಗೆ, ಪಕ್ಕಪಕ್ಕದಲ್ಲಿ ಬರುತ್ತವೆ. ತಿರುಳಿನಿಂದ ದೂರ, ಬದಿಯಲ್ಲಿ ಹಾಯ್ದರೆ ಹಲಗೆಯ ನಡುವೆ ಚೂಪು ಕಮಾನುಗಳು ಬರುತ್ತವೆ, ಮತ್ತು ಅದೇ ಹಲಗೆಯ ಎರಡೂ ಅಂಚಿಗೆ ಹೋದ ಹಾಗೆ ಕಮಾನು ಮಾಯವಾಗಿ ಒತ್ತೊತ್ತಾದ ನೆಟ್ಟನೆ ಗೆರೆ ಉಳಿಯುತ್ತದೆ. ಕಮಾನಿನ ಚೂಪು ತುದಿ ಮರದ ತಲೆಯ ಕಡೆಗಿರುತ್ತದೆ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ, ನಿಜವಾಗಿ ಹೇಳುತ್ತೇನೆ.

ಗಂಟು ಅಂದರೆ ಕೊಂಬೆಯ ಬುಡ. ಕಾಂಡ ಅದನ್ನು ಸುತ್ತಿಕೊಂಡು ಬೆಳೆದಿರುತ್ತದೆ. ಆದ್ದರಿಂದ ಗೆರೆಗಳು ಗಂಟಿನ ಹತ್ತಿರ ಬಂದಾಗ ಬಾಗಿ, ಸುತ್ತಿ, ಮತ್ತೆ ಸೇರಿಕೊಳ್ಳಬೇಕು. ಮೊದಲು ಗೆರೆ ಎಳೆದು ಆಮೇಲೆ ಮೇಲೊಂದು ಕಣ್ಣು ಬರೆಯುವವರು ಜಾಸ್ತಿ. ಅದು ಗಂಟಲ್ಲ, ಬಟ್ಟು.

ಮರದಿಂದ ಮರಕ್ಕೆ ಗುಣ ಬೇರೆ. ಸಾಗುವಾನಿ ಒಣ ಕಾಲದಲ್ಲಿ ಎಲೆ ಉದುರಿಸಿ ನಿಲ್ಲುತ್ತದೆ. ಮತ್ತೆ ಬೆಳೆಯಲು ಶುರು ಮಾಡಿದಾಗ ದೊಡ್ಡ ದೊಡ್ಡ ರಂಧ್ರಗಳ ಸಾಲು ಮೂಡುತ್ತದೆ, ಅದಕ್ಕೇ ಅದರ ಉಂಗುರ ಅಷ್ಟು ಸ್ಪಷ್ಟ. ಹಲಸಿನಲ್ಲಿ ಉಂಗುರ ಎದ್ದು ಕಾಣುವುದಿಲ್ಲ, ಬಣ್ಣವೇ ಗುರುತು: ಹೊಸದರಲ್ಲಿ ಹಳದಿ, ಗಾಳಿ ಬೆಳಕಿಗೆ ಬಿದ್ದು ಹಳತಾದ ಹಾಗೆ ಕಂದು. ಬೀಟೆಯಲ್ಲಿ ನೇರಳೆ ಕಂದು ಮೈ ಮೇಲೆ ಕಪ್ಪು ಪಟ್ಟೆ. ಶ್ರೀಗಂಧದ ಎಳೆ ತುಂಬಾ ನಯ, ಒಂದೇ ಸಮ. ಗುಡಿಗಾರರ ಗಂಧದ ಕೆತ್ತನೆಯಲ್ಲಿ ಅಷ್ಟು ಸಣ್ಣ ಬಳ್ಳಿ, ಎಲೆ ಎಲ್ಲ ಬಿಡಿಸಿ ಕಾಣುವುದಕ್ಕೆ ಇದೂ ಒಂದು ಕಾರಣ, ಮರದ ಗೆರೆ ಕೆತ್ತನೆಯ ಜೊತೆ ಜಗಳಕ್ಕೆ ಬರುವುದಿಲ್ಲ. ನಮ್ಮ ಕರಕುಶಲಕ್ಕೂ ಇದು ಅನ್ವಯಿಸುತ್ತದೆ. ದಪ್ಪ ಗೆರೆಯ ಹಿನ್ನೆಲೆ ಮೇಲೆ ಸಣ್ಣ ಹೂವಿನ ಡಿಸೈನ್ ಇಡಬೇಡಿ, ಎರಡೂ ಹಾಳಾಗುತ್ತವೆ.

ಉತ್ತರ ಕನ್ನಡದಲ್ಲಿ ಇದನ್ನೆಲ್ಲ ಕಲಿಯಲು ದೂರ ಹೋಗಬೇಕಿಲ್ಲ. ದಾಂಡೇಲಿ ಕಡೆ ಮರದ ಡಿಪೋದಲ್ಲಿ ದಿಮ್ಮಿಗಳ ಕೊಯ್ದ ಮುಖ ಸಾಲಾಗಿ ಕಾಣುತ್ತದೆ. ಶಿರಸಿ, ಸಿದ್ದಾಪುರದ ಹಳೆ ಮನೆಗಳಲ್ಲಿ ಜಗಲಿಯ ಕಂಬ, ಮೆತ್ತಿನ (ಮಹಡಿಯ) ಹಲಗೆ, ಬಾಗಿಲಿನ ಚೌಕಟ್ಟು ಇವೆ. ಮನೆಯವರನ್ನು ಕೇಳಿ, ಪಾಲಿಶ್ ಇಲ್ಲದ ಹಳೆ ಹಲಗೆಯ ಮೇಲೆ ತೆಳು ಕಾಗದ ಇಟ್ಟು ಕ್ರೇಯಾನ್ ಅಡ್ಡ ಹಿಡಿದು ಉಜ್ಜಿ. ಹಳೆ ಹಲಗೆಯಲ್ಲಿ ಮೆತ್ತನೆ ಭಾಗ ಸವೆದು ಗಟ್ಟಿ ಗೆರೆ ಎದ್ದಿರುತ್ತದೆ, ಅದು ಹಾಗೇ ಕಾಗದಕ್ಕೆ ಇಳಿಯುತ್ತದೆ. ಜರ್ಮನಿಯಲ್ಲಿ ಹುಟ್ಟಿದ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ಫ್ರಾನ್ಸಿನ ಕರಾವಳಿಯ ಒಂದು ವಸತಿಗೃಹದ ಮರದ ನೆಲವನ್ನು ಹೀಗೇ ಉಜ್ಜಿ ತೆಗೆದು, ಅದರಿಂದ ಕಾಡು, ಪ್ರಾಣಿ ಎಲ್ಲ ಹುಟ್ಟಿಸಿದ. ಇಂಥ ಹಾಳೆಗಳನ್ನು ಗೋಡೆಗೆ ಅಂಟಿಸಿಟ್ಟುಕೊಂಡು ಅಭ್ಯಾಸ ಮಾಡಿ. ಇಂಟರ್ನೆಟ್ ಫೋಟೋಕ್ಕಿಂತ ಎಷ್ಟೋ ಮೇಲು.

ಕೈಯಲ್ಲಿ ಗೆರೆ ತರುವುದು

ತತ್ವ ಸರಳ. ಕೆಳಗೆ ತಿಳಿ ಬಣ್ಣ, ಅದು ಪೂರ್ತಿ ಒಣಗಿದ ಮೇಲೆ ತೆಳುವಾದ ಗಾಢ ಬಣ್ಣ, ಅದು ಹಸಿ ಇರುವಾಗಲೇ ಎಳೆದು ಕೆಳಗಿನದನ್ನು ಅಲ್ಲಲ್ಲಿ ತೋರಿಸುವುದು. ಮೇಲಿನ ಪದರ ಕೆರೆದು ಕೆಳಗಿನದನ್ನು ಮಾತಾಡಿಸುವ ವಿದ್ಯೆ ನಮ್ಮ ಕಡೆಗೆ ಹೊಸದೂ ಅಲ್ಲ. ಕೊಂಕಣ ಕರಾವಳಿಯ ದೇವಸ್ಥಾನಗಳ ಕಾವಿ ಚಿತ್ರ ಇರುವುದೇ ಹಾಗೆ, ಬಿಳಿ ಸುಣ್ಣದ ಗಾರೆ ಮೇಲೆ ಕೆಂಪು ಪದರ ಬಳಿದು, ಬೇಡದ ಕಡೆ ಕೆರೆದು ಬಿಳಿ ತೆಗೆಯುವುದು. ಶಿರಸಿಯ ಮಾರಿಕಾಂಬಾ ದೇವಸ್ಥಾನಕ್ಕೂ ಈ ಚಿತ್ರಗಳಿಂದ ಹೆಸರಿದೆ.

ಕೆಳಗಿನ ಬಣ್ಣ ನಿಮ್ಮ ಮರದ ಅತ್ಯಂತ ತಿಳಿ ಗೆರೆಗಿಂತ ಇನ್ನೂ ಸ್ವಲ್ಪ ತಿಳಿ ಇರಲಿ, ಯಾಕೆಂದರೆ ಮೇಲಿನ ಪದರ ಎಲ್ಲ ಕಡೆ ಸ್ವಲ್ಪ ಕಂದು ಬಿಟ್ಟೇ ಬಿಡುತ್ತದೆ. ನೆಟ್ಟನೆ ಗೆರೆಗೆ ಬಾಚಣಿಗೆ ಅಥವಾ ಹಲ್ಲು ಕತ್ತರಿಸಿದ ರಬ್ಬರ್ ತುಂಡು ಸಾಕು. ಕಮಾನಿಗೆ ಗ್ರೇನಿಂಗ್ ರಾಕರ್ ಸಿಗುತ್ತದೆ, ರಬ್ಬರಿನ ಬಾಗಿದ ತುಂಡು, ಮೈ ಮೇಲೆ ಅರ್ಧವೃತ್ತದ ಏಣುಗಳು. ಕೆಳಗೆ ಎಳೆಯುತ್ತಾ ನಿಧಾನ ವಾಲಿಸಿದರೆ ಕಮಾನು, ಕಣ್ಣು ಎಲ್ಲ ಮೂಡುತ್ತವೆ. ಇಲ್ಲೇ ಅಪಾಯ ಇರುವುದು. ಕಣ್ಣು ಬಂದದ್ದು ನೋಡಿ ಖುಷಿಯಾಗಿ ಗೇಣಿಗೊಂದು ಕಣ್ಣು ಹಾಕುತ್ತಾ ಹೋಗುತ್ತೇವೆ. ಒಳ್ಳೆ ಹಲಗೆಯಲ್ಲಿ ಗಂಟು ಅಪರೂಪ ಅಲ್ವಾ? ಒಂದು ಎಳೆತಕ್ಕೆ ರಾಕರ್, ಪಕ್ಕದ ಎರಡು ಎಳೆತಕ್ಕೆ ಬಾಚಣಿಗೆ, ಹೀಗೆ ಮಾಡಿದರೆ ನಡುವೆ ಕಮಾನು, ಅಂಚಿಗೆ ನೆಟ್ಟನೆ ಗೆರೆ ಇರುವ ನಿಜವಾದ ಹಲಗೆ ಬರುತ್ತದೆ. ಕೊನೆಗೆ ಒಣ ಬ್ರಷ್ಷಿನಿಂದ ಉದ್ದಕ್ಕೆ ಹಗುರವಾಗಿ ಸವರಿ ಅಂಚುಗಳನ್ನು ಮೆತ್ತಗೆ ಮಾಡಿ.

ಬಾಗಿಲಿಗೆ ಬಣ್ಣ ಹಾಕುವಾಗ ಆಚಾರಿ ಅದನ್ನು ಹೇಗೆ ಜೋಡಿಸಿದ್ದಾನೆ ನೋಡಿ. ನಿಂತ ಪಟ್ಟಿಗಳಲ್ಲಿ ಗೆರೆ ಮೇಲಿಂದ ಕೆಳಗೆ, ಅಡ್ಡ ಪಟ್ಟಿಗಳಲ್ಲಿ ಅಡ್ಡ. ಎರಡೂ ಸೇರುವಲ್ಲಿ ಗೆರೆ ಖಂಡಿತ ಕಡಿಯಬೇಕು. ಮೊದಲು ನಡುವಿನ ಹಲಗೆ, ಆಮೇಲೆ ಅಡ್ಡ ಪಟ್ಟಿ, ಕೊನೆಗೆ ನಿಂತ ಪಟ್ಟಿ, ಪ್ರತಿ ಸಲ ಅಂಚಿಗೆ ಟೇಪ್. ಅಕ್ರಿಲಿಕ್ ಬೇಸಿಗೆಯಲ್ಲಿ ನೋಡನೋಡುತ್ತಲೇ ಒಣಗುತ್ತದೆ, ಚಿಕ್ಕ ಚಿಕ್ಕ ಭಾಗ ಮಾಡಿ. ಎಣ್ಣೆ ಬಣ್ಣ ಜಾಸ್ತಿ ಹೊತ್ತು ಹಸಿ ಇರುತ್ತದೆ, ಆದರೆ ನಮ್ಮ ಮಳೆಗಾಲದಲ್ಲಿ ಅದು ಒಣಗುವುದೇ ದೊಡ್ಡ ಕಷ್ಟ.

ಇದು ಎಷ್ಟು ದೊಡ್ಡ ಕಲೆ ಅಂತ ತಿಳಿಯಬೇಕಾದರೆ ಇಂಗ್ಲೆಂಡಿನ ಥಾಮಸ್ ಕರ್ಷಾ ಹೆಸರು ನೆನಪಿಟ್ಟುಕೊಳ್ಳಿ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅವನ ನಕಲು ಮರ, ನಕಲು ಅಮೃತಶಿಲೆಯ ಫಲಕಗಳಿಗೆ ಬಹುಮಾನ ಬಂತು. ಇನ್ನೊಬ್ಬ ಫ್ರಾನ್ಸಿನ ಚಿತ್ರಕಾರ ಜಾರ್ಜ್ ಬ್ರಾಕ್. ಮನೆಗೆ ಬಣ್ಣ ಹಚ್ಚುವವರ ಕುಟುಂಬದಲ್ಲಿ ಹುಟ್ಟಿ ಅದೇ ಕೆಲಸ ಕಲಿತವನು. 1912ರಲ್ಲಿ ಅವಿನ್ಯೋನ್ ಊರಿನ ಅಂಗಡಿಯಲ್ಲಿ ಓಕ್ ಮರದ ಗೆರೆಯ ವಾಲ್‌ಪೇಪರ್ ಕಂಡು, ಕೊಂಡು, ಕತ್ತರಿಸಿ, ಹಣ್ಣಿನ ತಟ್ಟೆ ಮತ್ತು ಗ್ಲಾಸಿನ ಇದ್ದಿಲು ಚಿತ್ರಕ್ಕೆ ಅಂಟಿಸಿಬಿಟ್ಟ. ಎರಡು ಮೂರು ಪಟ್ಟಿ ಕಾಗದ ಅಷ್ಟೇ, ಉಳಿದ ಮೇಜನ್ನು ನೋಡುವವರ ಕಣ್ಣೇ ಕಟ್ಟಿಕೊಳ್ಳುತ್ತದೆ. ಹಾಲಿನ ನಾಲ್ಕೂ ಗೋಡೆಗೆ, ಸೀಲಿಂಗಿಗೆ, ಟಿವಿ ಯೂನಿಟ್ಟಿಗೆ ಮರದ ಗೆರೆ ಹಾಕಿಸುವವರು ಈ ಚಿತ್ರ ಒಮ್ಮೆ ನೋಡಬೇಕು. ಒಂದು ಗೋಡೆ ಸಾಕು.

ಮೈಕಾ, ಟೈಲ್ಸ್, ಸಿಮೆಂಟ್

ಮೈಕಾ ಅಂತ ನಾವು ಕರೆಯುವ ಲ್ಯಾಮಿನೇಟ್ ಇರುವುದು ಕಾಗದ ಮತ್ತು ರಾಳ. ಕೆಳಗೆ ಕಂದು ಕ್ರಾಫ್ಟ್ ಕಾಗದದ ಪದರಗಳು, ಮೇಲೆ ಗೆರೆ ಅಚ್ಚಾದ ಒಂದು ಹಾಳೆ, ಎಲ್ಲವನ್ನೂ ಬಿಸಿಯಲ್ಲಿ ಒತ್ತಿ ಗಟ್ಟಿ ಮಾಡುತ್ತಾರೆ. ಅಚ್ಚು ಸಿಲಿಂಡರಿನಿಂದ ಬರುವುದರಿಂದ ಅದೇ ಗಂಟು ಮತ್ತೆ ಮತ್ತೆ ಬಂದೇ ಬರುತ್ತದೆ. 8×4 ಅಡಿಯ ಹಾಳೆಯನ್ನು ಪೂರ್ತಿ ಹರಡಿ ನೋಡದೆ, ಕೈಯಗಲದ ಸ್ಯಾಂಪಲ್ ನೋಡಿ ಆರಿಸಬೇಡಿ. ಕತ್ತರಿಸುವಾಗ ವಾರ್ಡ್‌ರೋಬಿನ ಮೇಲಿನ ಬಾಗಿಲು, ಕೆಳಗಿನ ಬಾಗಿಲು ಒಂದೇ ಹಾಳೆಯಿಂದ, ಒಂದೇ ಸಾಲಿನಲ್ಲಿ ಬರಲಿ, ಗೆರೆ ಮುಂದುವರಿಯುತ್ತದೆ. ಹಾಳೆ ಸ್ವಲ್ಪ ಜಾಸ್ತಿ ವೇಸ್ಟ್ ಆಗುತ್ತದೆ, ಆಗಲಿ. ಕಾರವಾರ, ಕುಮಟಾದಂಥ ತೇವದ ಊರಿನಲ್ಲಿ ಮೇಲಿನ ಹಾಳೆಗಿಂತ ಒಳಗಿನ ಬೋರ್ಡ್ ಮುಖ್ಯ. ಮರದ ನಾರು ಒತ್ತಿ ಮಾಡುವ ಎಂಡಿಎಫ್ ಬೋರ್ಡಿನ ಅಂಚಿಗೆ ನೀರು ತಾಗಿದರೆ ಉಬ್ಬುತ್ತದೆ. ಸಿಂಕ್ ಹತ್ತಿರ ನೀರು ತಡೆಯುವ, ಐಎಸ್ 710 ಮುದ್ರೆಯ ಮರೈನ್ ಪ್ಲೈ ಕೇಳಿ.

ಟೈಲ್ಸಿನಲ್ಲಿ ಕೆಲವು ಬಾಕ್ಸ್ ಒಟ್ಟಿಗೆ ಬಿಚ್ಚಿ ಕಲಸಿ ಹಾಕಿಸಿ, ಒಂದೇ ಮುಖದ ಎರಡು ಹಲಗೆ ಅಕ್ಕಪಕ್ಕ ಬರಬಾರದು. ಉದ್ದ ಟೈಲ್ಸ್ ನಡುವೆ ಸ್ವಲ್ಪ ಬಾಗಿರುವುದು ಸಹಜ, ಹಾಗಾಗಿ ಅರ್ಧಕ್ಕೆ ಜೋಡಣೆ ಬೇಡ, ಮೂರನೇ ಒಂದು ಭಾಗಕ್ಕೆ ಸರಿಸಿ ಕೂರಿಸಿದರೆ ಅಂಚು ಎದ್ದು ಕಾಲಿಗೆ ತಾಗುವುದು ಕಡಿಮೆ.

ಸಿಮೆಂಟಿನ ಮರ ನನಗೆ ಎಲ್ಲಕ್ಕಿಂತ ಇಷ್ಟ. ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೆ ಕಬ್ಬಿಣದ ಬಲೆ ಹಾಕಿದ ಸಿಮೆಂಟ್ ಕುಂಡಗಳಿಗೆ 1867ರಲ್ಲಿ ಪೇಟೆಂಟ್ ಪಡೆದ. ಅದೇ ವರ್ಷ ತೆರೆದ ಪ್ಯಾರಿಸ್ಸಿನ ಬ್ಯೂಟ್ ಶೋಮೋ ಉದ್ಯಾನದಲ್ಲಿ ಕೊಂಬೆಗಳಂತೆ ಮಾಡಿದ ಸಿಮೆಂಟ್ ಕಟಾಂಜನಗಳಿವೆ. ಮನೆಯಲ್ಲಿ ಕುಂಡ ಮಾಡಿ ಕಲಿಯಬಹುದು: ಸರಳು, ಕೋಳಿ ಜಾಲರಿ, ಒರಟು ಗಾರೆ, ಅದರ ಮೇಲೆ ನಯ ಗಾರೆ. ಬೆರಳು ಒತ್ತಿದರೆ ಗುರುತು ಬೀಳುವಷ್ಟು ಬಿಗಿದಾಗ ಫೋರ್ಕ್, ತಂತಿ ಬ್ರಷ್ಷಿನಿಂದ ತೊಗಟೆ ಕೆರೆಯಿರಿ. ಕೊಂಬೆ ಕಡಿದ ತುದಿಯಲ್ಲಿ ಉದ್ದ ಗೆರೆ ಎಳೆಯಬೇಡಿ, ಅಲ್ಲಿ ಉಂಗುರ ಬರಬೇಕು, ತಿರುಳು ಸರಿಯಾಗಿ ನಡುವೆ ಇರದೆ ಸ್ವಲ್ಪ ಒಂದು ಬದಿಗೆ. ಒಂದು ವಾರ ನೀರು ಹಾಕಿ. ಸಮುದ್ರದ ಹತ್ತಿರ ಮನೆ ಇದ್ದರೆ ಜಾಲರಿಯ ಮೇಲಿನ ಗಾರೆ ತೆಳು ಆಗದಂತೆ ನೋಡಿಕೊಳ್ಳಿ. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಸಿಮೆಂಟ್ ಒಡೆಯುತ್ತದೆ, ಅದೂ ಹೆಚ್ಚಾಗಿ ನೀವು ತೊಗಟೆಗೆಂದು ಆಳವಾಗಿ ಕೆರೆದ ಗೀರಿನಲ್ಲೇ. ಆಳ ಬೇಕಾದ ಕಡೆ ಮೊದಲೇ ಗಾರೆ ದಪ್ಪ ಹಾಕಿ.