ಕಾಂಡ್ಲಾ ನೆಡುವ ಮೊದಲು ನೀರಿನ ದಾರಿ ನೋಡಿ

ಉತ್ತರ ಕನ್ನಡದ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು 2024ರ ಜನವರಿಯಲ್ಲಿ ಪ್ರಕಟವಾಯಿತು. ಇಂಥ ಅಳಿವೆ ಉಳಿಸುವುದೆಂದರೆ ಖಾಲಿ ಕಂಡಲ್ಲೆಲ್ಲ ಕಾಂಡ್ಲಾ (ಉಬ್ಬರದ ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರ) ನೆಡುವುದಲ್ಲ. ಇಳಿತದಲ್ಲಿ ಬಯಲಾಗುವ ಕೆಸರು ಖಾಲಿ ಜಾಗವೇ ಅಲ್ಲ. ತಿನ್ನುವ ಚಿಪ್ಪುಜೀವಿ ಬಳಚು ಬೆಳೆಯುವುದು, ಚಳಿಗಾಲದ ವಲಸೆ ಹಕ್ಕಿಗಳು ಮೇಯುವುದು ಅಲ್ಲೇ. ಅಲ್ಲಿ ನೆಟ್ಟ ಸಸಿ ಬಹುಪಾಲು ಬದುಕುವುದೂ ಇಲ್ಲ. ದಿನದ ಹೆಚ್ಚು ಹೊತ್ತು ಮುಳುಗಿದರೆ ಬೇರಿಗೆ ಉಸಿರು ಸಾಲದು, ಕಾಂಡಕ್ಕೆ ಸುಣ್ಣದ ಚಿಪ್ಪಿನ ಜೀವಿಗಳು ಕಚ್ಚಿಕೊಂಡು ಭಾರಕ್ಕೆ ಬಾಗಿಸುತ್ತವೆ.

ಸರಿಯಾದ ಮಟ್ಟವನ್ನು ಹತ್ತಿರದ ಹಳೆಯ ಕಾಂಡ್ಲಾ ಮರಗಳೇ ತೋರಿಸುತ್ತವೆ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಮರುದಿನ ಆ ಮರಗಳ ಬುಡದಲ್ಲೂ ನೆಡಬೇಕೆಂದಿರುವ ಜಾಗದಲ್ಲೂ ಒಂದೊಂದು ಗೂಟ ಹುಗಿದು, ಉಬ್ಬರ ಎಲ್ಲಿಯವರೆಗೆ ಏರಿತೆಂದು ಗುರುತಿಸಿ. ಅಷ್ಟಮಿಯ ಸಣ್ಣ ಉಬ್ಬರದಲ್ಲೂ ಮತ್ತೆ ನೋಡಿ. ನಿಮ್ಮ ಜಾಗದಲ್ಲಿ ನೀರು ಮರಗಳ ಬುಡಕ್ಕಿಂತ ಹೆಚ್ಚು ಆಳ ನಿಂತರೆ ಅದು ಕಾಂಡ್ಲಾದ ನೆಲವಲ್ಲ, ಬಿಟ್ಟುಬಿಡಿ.

ಮಟ್ಟ ಸರಿಯಿದ್ದೂ ಮರ ಒಣಗುತ್ತಿದ್ದರೆ ರಸ್ತೆಯ ಕಿರಿದಾದ ಮೋರಿಯನ್ನೋ ಮುಚ್ಚಿಹೋದ ಗಜನಿ (ಅಳಿವೆ ಅಂಚಿನ ಉಪ್ಪುನೀರಿನ ಗದ್ದೆ) ಗೇಟನ್ನೋ ಹುಡುಕಬೇಕು. ಮೇಲಿನಿಂದ ಹಳ್ಳದ ಸಿಹಿನೀರು ಬರದೆ, ಕೆಳಗಿನಿಂದ ಉಬ್ಬರ ಆಡದೆ ನಿಂತರೆ ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಮಳೆಗಾಲದಲ್ಲಿ ಅದೇ ಜಾಗ ವಾರಗಟ್ಟಲೆ ತುಂಬಿ ನಿಂತು, ಕೆಸರಿನಿಂದ ಪೆನ್ಸಿಲಿನಂತೆ ಎದ್ದು ನಿಲ್ಲುವ ಉಸಿರುಬೇರುಗಳು ಮುಳುಗಿ ಸಾಯುತ್ತವೆ. ಇಲ್ಲಿ ಮೋರಿ ಅಗಲಿಸುವುದು, ಹೂಳು ತೆಗೆಯುವುದು ಮೊದಲ ಕೆಲಸ. ಕಾಂಡ್ಲಾ ನೆಲ ಕರಾವಳಿ ನಿಯಂತ್ರಣ ನಿಯಮದ (ಸಿಆರ್‌ಝಡ್) 1-ಎ ಎಂಬ ಸೂಕ್ಷ್ಮ ವಲಯದ್ದು, ಗುದ್ದಲಿ ಹಾಕುವ ಮೊದಲೇ ಅರಣ್ಯ ಇಲಾಖೆಯ ಒಪ್ಪಿಗೆ ಪಡೆಯಿರಿ. ಗಜನಿಯ ಗೇಟಾದರೆ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವವರನ್ನು ಕೂರಿಸಿಕೊಂಡೇ ತೀರ್ಮಾನಿಸಿ. ಪೈರು ನಿಂತಾಗ ಉಪ್ಪುನೀರು ತಡೆಯುವುದು, ಕೊಯ್ಲಾದ ಮೇಲೆ ಬಿಟ್ಟು ಮೀನು, ಸಿಗಡಿ ಒಳಗೆ ಬರಗೊಡುವುದು ಅವರಿಗೆ ತಲೆಮಾರುಗಳಿಂದ ಗೊತ್ತು.

ನೀರು ಆಡತೊಡಗಿದರೆ, ಹತ್ತಿರ ತಾಯಿಮರಗಳಿದ್ದಲ್ಲಿ ಬೀಜ ತಾನೇ ತೇಲಿ ಬಂದು ನಿಲ್ಲುತ್ತದೆ. ಒಂದೆರಡು ಮಳೆಗಾಲ ಕಾದು ನೋಡುವುದು ಒಳ್ಳೆಯದು. ಬರದಿದ್ದರೆ ಮಾತ್ರ ನೆಡಿ. ಊರುಬೇರಿನ ಕಾಂಡ್ಲಾದ ಉದ್ದನೆಯ ಕೋಡು ಬಲಿತು, ಮೇಲಿನ ಕಾಯಿಯಿಂದ ಸುಲಭವಾಗಿ ಕಳಚುವಂತಿರಬೇಕು. ಎಳೆಯದನ್ನು ಕಿತ್ತರೆ ಕೊಳೆಯುತ್ತದೆ. ಚೂಪು ತುದಿ ಕೆಳಗೆ ಮಾಡಿ, ಉದ್ದದ ಮೂರನೇ ಒಂದು ಭಾಗದಷ್ಟು ಕೆಸರಿಗೆ ಊರಿ, ಒಂದರಿಂದ ಎರಡು ಮೀಟರ್ ಅಂತರ ಬಿಡಿ. ಕಾಂಡ್ಲಾದ ಇನ್ನೊಂದು ಬಗೆಯಾದ ಉಪ್ಪಟಿಯ ಬೀಜ ಅವರೆಕಾಳಿನಂತೆ ಚಪ್ಪಟೆ. ಅದು ನೀರಿನೊಡನೆ ತೇಲಿಹೋಗುವುದರಿಂದ ಚೀಲದಲ್ಲಿ ಸಸಿ ಮಾಡಿಕೊಂಡೇ ನೆಡಬೇಕು.

ನೆಟ್ಟ ಜಾಗದ ಸುತ್ತ ಬೇಲಿಯಾಗಿ ಬಲೆ ಕಟ್ಟಬೇಡಿ. ಏಡಿ, ಮೀನು ಸಿಕ್ಕಿ ಸಾಯುತ್ತವೆ, ತೇಲಿ ಬರುವ ಬೀಜವೂ ಹೊರಗೇ ಉಳಿಯುತ್ತದೆ.