ಮರುತಪಾಸಣೆಯ ಅಂತರ: ಪಾಲಿಪ್ ತೆಗೆದ ಮೇಲೆ ಮತ್ತೆ ಕೊಲೊನೋಸ್ಕೋಪಿ ಯಾವಾಗ?

ದೊಡ್ಡ ಕರುಳಿನ ಒಳಗೋಡೆಯಲ್ಲಿ ಬೆಳೆದ ಪಾಲಿಪ್ (ಗಂಟಿನಂಥ ಬೆಳವಣಿಗೆ) ಅನ್ನು ಕೊಲೊನೋಸ್ಕೋಪಿಯಲ್ಲಿ, ಅಂದರೆ ಗುದದ್ವಾರದ ಮೂಲಕ ಕ್ಯಾಮೆರಾ ಕೊಳವೆ ಹಾಯಿಸಿ ಮಾಡುವ ಕರುಳಿನ ತಪಾಸಣೆಯಲ್ಲಿ, ತೆಗೆದ ಮೇಲೆ, ಮುಂದಿನ ಕೊಲೊನೋಸ್ಕೋಪಿಯವರೆಗೆ ಎಷ್ಟು ಕಾಲ ಬಿಡಬಹುದೋ ಅದೇ ಮರುತಪಾಸಣೆಯ ಅಂತರ. ವೈದ್ಯರ ಬಾಯಲ್ಲಿ ಇದು ಸರ್ವೇಲೆನ್ಸ್ ಅವಧಿ. ಒಬ್ಬರಿಗೆ ಆರು ತಿಂಗಳು, ಇನ್ನೊಬ್ಬರಿಗೆ ಹತ್ತು ವರ್ಷ. ಪಕ್ಕದ ಮನೆಯವರ ಅವಧಿಯನ್ನು ನಮ್ಮದಕ್ಕೆ ಹೋಲಿಸಿ ಫಲವಿಲ್ಲ.

ಅವಧಿ ನಿರ್ಧಾರವಾಗುವುದು ಮುಖ್ಯವಾಗಿ ಪೆಥಾಲಜಿ ವರದಿ (ತೆಗೆದ ಪಾಲಿಪ್ ಅನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದದ್ದು) ಬಂದ ಮೇಲೆ. ಪಾಲಿಪ್‌ಗಳು ಎಷ್ಟಿದ್ದವು, ಎಷ್ಟು ದೊಡ್ಡವು, ಯಾವ ಬಗೆಯವು ಎಂಬುದೇ ಲೆಕ್ಕ. ಅಮೆರಿಕದ ತಜ್ಞರ ಜಂಟಿ ಕಾರ್ಯಪಡೆಯ 2020ರ ಮಾರ್ಗಸೂಚಿಯಂತೆ, 10 ಮಿಲಿಮೀಟರ್‌ಗಿಂತ ಚಿಕ್ಕ ಅಡಿನೋಮಾ (ಮುಂದೆ ಕ್ಯಾನ್ಸರ್ ಆಗಬಲ್ಲ ಬಗೆಯ ಪಾಲಿಪ್) ಒಂದೆರಡು ಇದ್ದರೆ 7ರಿಂದ 10 ವರ್ಷ, ಮೂರು–ನಾಲ್ಕಿದ್ದರೆ 3ರಿಂದ 5 ವರ್ಷ. ಒಂದೇ ಇದ್ದರೂ 10 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದಾದರೆ 3 ವರ್ಷ. ಹತ್ತಕ್ಕಿಂತ ಹೆಚ್ಚಿದ್ದರೆ ಒಂದೇ ವರ್ಷ. 20 ಮಿಲಿಮೀಟರ್ ಅಥವಾ ಅದಕ್ಕೂ ದೊಡ್ಡ ಪಾಲಿಪ್ ಅನ್ನು ತುಂಡುತುಂಡಾಗಿ ತೆಗೆದಿದ್ದರೆ, ಆ ಜಾಗದಲ್ಲಿ ಏನಾದರೂ ಉಳಿದಿದೆಯೇ ಎಂದು ಆರು ತಿಂಗಳಲ್ಲೇ ನೋಡುತ್ತಾರೆ. ಯುರೋಪಿನ ಮಾರ್ಗಸೂಚಿ ಇನ್ನೂ ಉದಾರ: ನಾಲ್ಕರವರೆಗಿನ ಚಿಕ್ಕ, ಸಾಧಾರಣ ಅಡಿನೋಮಾಗಳಿಗೆ ವಿಶೇಷ ಕಣ್ಗಾವಲೇ ಬೇಡ ಎನ್ನುತ್ತದೆ.

ವರದಿಯಲ್ಲಿ ‘ಲೋ ಗ್ರೇಡ್ ಡಿಸ್‌ಪ್ಲೇಸಿಯಾ’ ಎಂದು ಓದಿ ನಿದ್ದೆಗೆಡುವವರು ಬಹಳ. ಜೀವಕೋಶಗಳ ರೂಪ ತುಸು ಬದಲಾಗಿದೆ ಎಂದಷ್ಟೇ ಇದರರ್ಥ. ಅಡಿನೋಮಾ ಎಂದರೇ ಅಷ್ಟರಮಟ್ಟಿನ ಡಿಸ್‌ಪ್ಲೇಸಿಯಾ ಇದ್ದೇ ಇರುತ್ತದೆ. ಅವಧಿಯನ್ನು ಮೊಟಕುಗೊಳಿಸುವುದು ‘ಹೈ ಗ್ರೇಡ್’ (ಬದಲಾವಣೆ ಹೆಚ್ಚು) ಅಥವಾ ‘ವಿಲ್ಲಸ್’ (ಬೆರಳಿನಂಥ ಎಳೆಗಳಾಗಿ ಬೆಳೆದದ್ದು) ಎಂಬ ಮಾತು. ಗುದನಾಳದ ಬಳಿಯ ಪುಟ್ಟ, ಕ್ಯಾನ್ಸರ್ ಆಗುವ ಸಂಭವ ತೀರ ಕಡಿಮೆಯಿರುವ ಹೈಪರ್‌ಪ್ಲಾಸ್ಟಿಕ್ ಪಾಲಿಪ್‌ಗಳಂತೂ ಸಾಮಾನ್ಯವಾಗಿ ಲೆಕ್ಕಕ್ಕೇ ಇಲ್ಲ.

ಹೆದರಿಕೆಯಿಂದ ವರ್ಷವರ್ಷವೂ ಮಾಡಿಸಿದರೆ ಹೆಚ್ಚು ಸುರಕ್ಷಿತವೇ? ಹಾಗೇನಿಲ್ಲ. ಅಡಿನೋಮಾ ಕ್ಯಾನ್ಸರ್ ಆಗಿ ಬದಲಾಗಲು ಸಾಮಾನ್ಯವಾಗಿ ಹಲವು ವರ್ಷ ಬೇಕು, ಬಹುಪಾಲು ಅಡಿನೋಮಾಗಳು ಹಾಗೆ ಬದಲಾಗುವುದೂ ಇಲ್ಲ. ಮೂರು ವರ್ಷ ಕಾದು ನೋಡುವುದು ಒಂದು ವರ್ಷಕ್ಕೇ ನೋಡುವಷ್ಟೇ ಪರಿಣಾಮಕಾರಿ ಎಂದು ಅಮೆರಿಕದ ರಾಷ್ಟ್ರೀಯ ಪಾಲಿಪ್ ಅಧ್ಯಯನ 1993ರಲ್ಲೇ ತೋರಿಸಿತ್ತು. ರಕ್ತಸ್ರಾವ, ಕರುಳಿಗೆ ತೂತು ಬೀಳುವಂಥ ಅಪಾಯಗಳು ವಿರಳವಾದರೂ ಪ್ರತಿ ತಪಾಸಣೆಯಲ್ಲೂ ಇದ್ದೇ ಇವೆ.

ಆದರೆ ಈ ಅಂಕಿಗಳೆಲ್ಲ ಮೊದಲ ತಪಾಸಣೆ ಚೆನ್ನಾಗಿ ನಡೆದಿದ್ದರೆ ಮಾತ್ರ ಅನ್ವಯ. ಭೇದಿ ಔಷಧವನ್ನು ಅರ್ಧಂಬರ್ಧ ಕುಡಿದು ಕರುಳು ಸರಿಯಾಗಿ ಶುದ್ಧವಾಗದಿದ್ದರೆ ಚಿಕ್ಕ ಪಾಲಿಪ್‌ಗಳು ಕಣ್ತಪ್ಪುತ್ತವೆ. ಆಗ ವರ್ಷದೊಳಗೆ ಮತ್ತೆ ಮಾಡಿಸಬೇಕಾಗುತ್ತದೆ. ಕುಟುಂಬದಲ್ಲಿ ಕರುಳಿನ ಕ್ಯಾನ್ಸರ್ ಇದ್ದವರಿಗೆ, ಕರುಳಿನ ಉರಿಯೂತದ ಕಾಯಿಲೆ ಇರುವವರಿಗೆ ಲೆಕ್ಕವೇ ಬೇರೆ. ಇನ್ನು ಮಲದಲ್ಲಿ ರಕ್ತ, ಕಾರಣವಿಲ್ಲದ ರಕ್ತಹೀನತೆ, ಮಲವಿಸರ್ಜನೆಯ ರೀತಿಯಲ್ಲಿ ಬಹುಕಾಲ ಉಳಿಯುವ ಬದಲಾವಣೆ ಕಂಡರೆ, ಚೀಟಿಯಲ್ಲಿ ಬರೆದ ವರ್ಷಕ್ಕೆ ಕಾಯದೆ ವೈದ್ಯರ ಬಳಿಗೆ ಹೋಗಬೇಕು.