ಫಾರ್ಸಿಯಲ್ಲಿ ‘ಯಾರ’ ಎಲ್ಲಿ ಹೋಯಿತು?

ಪ್ರಶ್ನೆ: ‘ನಾನು ಯಾರ ಪುಸ್ತಕ ಓದಿದೆನೋ ಆ ಲೇಖಕ’ ಎನ್ನುವುದನ್ನು ಫಾರ್ಸಿಯಲ್ಲಿ ಹೇಗೆ ಹೇಳುವುದು? ‘ಯಾರ’ ಎನ್ನಲು ‘ಕೀ’ ಬಳಸಬಹುದೇ?

ಬಳಸಬಾರದು. ‘ಕೀ’ ಇರುವುದು ಪ್ರಶ್ನೆ ಕೇಳಲು: ‘ಈನ್ ಕೆತಾಬ್ ಮಾಲೆ ಕೀಸ್ತ್?’ ಅಂದರೆ ಈ ಪುಸ್ತಕ ಯಾರದು? ವಾಕ್ಯಗಳನ್ನು ಬೆಸೆಯುವುದು ‘ಕೆ’. ಅದಕ್ಕೆ ವಿಭಕ್ತಿ ಹತ್ತುವುದಿಲ್ಲ, ಹಾಗಾಗಿ ಷಷ್ಠಿಯ ಕೆಲಸವನ್ನು ಪುಸ್ತಕಕ್ಕೇ ಅಂಟಿಕೊಳ್ಳುವ ‘-ಅಶ್’ ಮಾಡುತ್ತದೆ:

ನೆವೀಸಂದೆ-ಈ ಕೆ ಕೆತಾಬಶ್ ರಾ ಖಾಂದಮ್.

ಪದಕ್ಕೆ ಪದ ಇಟ್ಟರೆ: ಲೇಖಕ, ‘ಕೆ’, ಅವನ ಪುಸ್ತಕವನ್ನು ಓದಿದೆ. ಇಲ್ಲಿನ ‘ರಾ’ ನಮ್ಮ ‘-ಅನ್ನು’ ಇದ್ದಂತೆ. ಅವನ, ಅವಳ, ಅದರ ಮೂರಕ್ಕೂ ‘-ಅಶ್’ ಒಂದೇ. ಬಹುವಚನಕ್ಕೆ ‘-ಎಶಾನ್’.

ಕನ್ನಡಿಗರು ಎಡವುವುದು ಇಲ್ಲೇ. ‘ಕಾಲು ಮುರಿದ ಮೇಜು’ ಎನ್ನುವಾಗ ಕಾಲು ಯಾವುದರದು ಎಂದು ನಾವು ಹೇಳುವುದಿಲ್ಲ, ಕೃದಂತವೇ ಎಲ್ಲವನ್ನೂ ಹೊತ್ತುಕೊಳ್ಳುತ್ತದೆ. ಫಾರ್ಸಿ ಅಷ್ಟು ಧಾರಾಳಿಯಲ್ಲ. ‘ಮೀಜ಼ೀ ಕೆ ಪಾಯೆಅಶ್ ಶೆಕಸ್ತೆ’ ಎಂದು ‘ಅದರ ಕಾಲು’ ಹೇಳಲೇಬೇಕು. ‘-ಅಶ್’ ಬಿಟ್ಟರೆ ಮುರಿದದ್ದು ಯಾವುದೋ ಕಾಲು, ಮೇಜಿಗೂ ಅದಕ್ಕೂ ನಂಟೇ ಉಳಿಯದು.

‘ಮೀಜ಼ೀ’ಯ ಕೊನೆಯ ‘-ಈ’ಯನ್ನೂ ಗಮನಿಸಿ. ಯಾವ ಮೇಜು ಎಂದು ಗುರುತಿಸಿ ಹೇಳುವಾಗ ಅದು ಬರುತ್ತದೆ. ಹೆಸರುಗಳಿಗೆ ಬೇಡ. ‘ಬರಾದರಮ್’ (ನನ್ನ ಅಣ್ಣ ಅಥವಾ ತಮ್ಮ) ಥರ ಸ್ವಾಮ್ಯದ ಪ್ರತ್ಯಯ ಹೊತ್ತ ಪದಕ್ಕೂ ಬೇಡ: ‘ಬರಾದರಮ್ ಕೆ ಮೊಅಲ್ಲೆಮ್ ಅಸ್ತ್’, ಮೇಷ್ಟ್ರಾಗಿರುವ ನನ್ನ ಅಣ್ಣ.

ಇನ್ನು ಇಜಾಫೆ. ‘ಕೊಹಿನೂರ್’ ನಡುವಿನ ‘ಇ’ ಅದೇ, ಬೆಳಕಿನ ಬೆಟ್ಟ ಎಂದು ಎರಡು ಪದ ಕೂಡಿಸುವ ಕೊಂಡಿ. ‘ಖಾನೆ-ಯೆ ಬೊಜ಼ೊರ್ಗ್’ (ದೊಡ್ಡ ಮನೆ) ಎಂಬಲ್ಲೂ ಅದೇ ಇದೆ. ಕೊಂಡಿ ಮತ್ತು ‘-ಈ’ ಒಂದೇ ಪದದ ಮೇಲೆ ಕೂರುವುದಿಲ್ಲ. ‘-ಈ’ ಸರಪಳಿಯ ತುದಿಗೆ ಹೋಗುತ್ತದೆ: ‘ಖಾನೆ-ಯೆ ಬೊಜ಼ೊರ್ಗೀ ಕೆ ಸಕ್ಫಶ್ ಫೊರೂ ರೀಖ್ತ್’, ಸೂರು ಕುಸಿದ ದೊಡ್ಡ ಮನೆ.

ಅಂಥ ಮನೆಯನ್ನೇ ಕೊಂಡಿರೆನ್ನಿ. ಆಗ ‘ರಾ’ ಎಲ್ಲಿ? ‘ಕೆ’ಗಿಂತ ಮೊದಲು: ‘ಖಾನೆ-ಈ ರಾ ಕೆ ಸಕ್ಫಶ್ ಫೊರೂ ರೀಖ್ತೆ ಬೂದ್ ಖರೀದಮ್.’ ಮೊದಲ ವಾಕ್ಯದ ‘ಕೆತಾಬಶ್ ರಾ’ದಲ್ಲಿನ ‘ರಾ’ ಮಾತ್ರ ಪುಸ್ತಕದ ಬೆನ್ನಿಗೇ ಇರಬೇಕು. ತೆಹರಾನಿನ ಆಡುಮಾತಿನಲ್ಲಿ ‘ಕೆತಾಬಶ್ ರಾ ಖಾಂದಮ್’ ಕುಗ್ಗಿ ‘ಕೆತಾಬೆಶೊ ಖೂಂದಮ್’ ಆಗುತ್ತದೆ. ಕಿವಿಗೆ ‘ರಾ’ ಬೀಳದಿದ್ದರೆ ಆ ಕೊನೆಯ ‘ಒ’ಯಲ್ಲಿ ಹುಡುಕಿ.